ಸಹಾಯಧನಕ್ಕೆ ಎಷ್ಟು ಬಾಗಿಲು?

ಸರ್ಕಾರಕ್ಕೆ ಹಣ ಕೊಡುವವನಿಗೆ ಒಂದು ಬಾಗಿಲು, ಸರ್ಕಾರದಿಂದ ಹಣ ಪಡೆಯುವವನಿಗೆ ಹತ್ತು ಬಾಗಿಲು. ಗಣಕಯಂತ್ರವು ಆಡಳಿತದೊಳಗೆ ಬಂದ ಮೇಲೆ ಈ ವ್ಯತ್ಯಾಸ ಕಡಿಮೆಯಾದೀತೆಂದು ನಾವೆಲ್ಲರೂ ನಿರೀಕ್ಷಿಸಿದ್ದೆವು. ಆದದ್ದು ಬೇರೆ. ಮೊದಲು ಕಚೇರಿಗೊಂದು ಕಿಟಕಿಯಿತ್ತು, ಈಗ ಯೋಜನೆಗೊಂದು ಜಾಲತಾಣವಿದೆ. ಇವನ್ನೆಲ್ಲ ಒಂದುಗೂಡಿಸಬೇಕೆಂಬ ಮಾತು ದೆಹಲಿಯಲ್ಲೂ ಬೆಂಗಳೂರಿನಲ್ಲೂ ನಡೆದಿದೆ. ಕೆಲಸವೂ ಸ್ವಲ್ಪಮಟ್ಟಿಗೆ ಸಾಗಿದೆ. ಈ ಏಕೀಕರಣವು ಯಾವ ರೀತಿಯಲ್ಲಿ ಆಗಬೇಕೆಂಬ ಬಗ್ಗೆ ಸಣ್ಣ ಬೆಳೆಗಾರರಾದ ನಾವು ಈಗಲೇ ಸ್ಪಷ್ಟವಾಗಿ ಹೇಳಬೇಕು. ಎಲ್ಲ ಮುಗಿದ ಮೇಲೆ ಹೇಳಿ ಪ್ರಯೋಜನವಿಲ್ಲ.

ಐದು ಎಕರೆಯ ಹಿಡುವಳಿಯಿರುವ ಒಬ್ಬ ಸಾಮಾನ್ಯ ಸದಸ್ಯರ ಸ್ಥಿತಿಯನ್ನು ನೋಡಿ. ಕಾಫಿಯ ಮರುನಾಟಿಗೆ, ನೀರಿನ ತೊಟ್ಟಿಗೆ, ಪಲ್ಪರಿಗೆ, ಒಣಗಿಸುವ ಕಣಕ್ಕೆ ಕಾಫಿ ಮಂಡಳಿ. ಅದು ಕೇಂದ್ರ ವಾಣಿಜ್ಯ ಮಂತ್ರಾಲಯಕ್ಕೆ ಸೇರಿದ್ದು. ಏಲಕ್ಕಿಗೆ ಮತ್ತು ಮೆಣಸು ಬಿಡಿಸುವ ಯಂತ್ರಕ್ಕೆ ಸಾಂಬಾರ ಮಂಡಳಿ. ಅದೂ ಅದೇ ಮಂತ್ರಾಲಯದ್ದಾದರೂ ಅರ್ಜಿ ಬೇರೆ. ಅದೇ ತೋಟದ ಅಡಿಕೆಗೆ ಹನಿ ನೀರಾವರಿ ಹಾಕಿಸಬೇಕಾದರೆ ರಾಜ್ಯದ ತೋಟಗಾರಿಕೆ ಇಲಾಖೆ. ಸಿಂಪಡಿಸುವ ಯಂತ್ರಕ್ಕೆ, ಕಳೆ ಕೊಚ್ಚುವ ಯಂತ್ರಕ್ಕೆ ಕೃಷಿ ಇಲಾಖೆ ಮತ್ತು ಅದರ ಕೆ-ಕಿಸಾನ್ ಜಾಲತಾಣ. ಅಡಿಕೆ, ಮೆಣಸಿನ ಹವಾಮಾನ ಆಧಾರಿತ ವಿಮೆಗೆ ‘ಸಂರಕ್ಷಣೆ’. ಅತಿವೃಷ್ಟಿಯಿಂದ ಬೆಳೆ ಹೋದರೆ ಕಂದಾಯ ಇಲಾಖೆಯ ‘ಪರಿಹಾರ’. ವರ್ಷಕ್ಕೆ ಮೂರು ಕಂತುಗಳಲ್ಲಿ ಬರುವ 6,000 ರೂಪಾಯಿಗೆ ಪಿ.ಎಂ. ಕಿಸಾನ್. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆಯೆಂದು ತೋರಿಸಲು 2020ರಿಂದ ಬೆಳೆ ಸಮೀಕ್ಷೆಯ ಆ್ಯಪ್. ಇಷ್ಟು ಸಾಲದೆಂಬಂತೆ, ಐರೋಪ್ಯ ಒಕ್ಕೂಟವು 2023ರಲ್ಲಿ ತಂದ ಅರಣ್ಯನಾಶ ವಿರೋಧಿ ನಿಯಮದ ದೆಸೆಯಿಂದ ಕಾಫಿ ತೋಟ ಇರುವ ಜಾಗವನ್ನು ಅಕ್ಷಾಂಶ ರೇಖಾಂಶ ಸಹಿತ ದಾಖಲಿಸುವ ಮತ್ತೊಂದು ನೋಂದಣಿ.

ಇಷ್ಟೂ ಕಡೆಗಳಲ್ಲಿ ಕೇಳುವ ಕಾಗದಗಳಾದರೂ ಯಾವುವು? ಪಹಣಿ ಸರ್ಕಾರ ಕೊಟ್ಟದ್ದು. ಆಧಾರ್ ಸರ್ಕಾರ ಕೊಟ್ಟದ್ದು. ಜಾತಿ, ಆದಾಯದ ಪ್ರಮಾಣಪತ್ರ ಸರ್ಕಾರ ಕೊಟ್ಟದ್ದು. ಸರ್ಕಾರದ ಒಂದು ಕೈ ಕೊಟ್ಟ ಕಾಗದವನ್ನು ಅದೇ ಸರ್ಕಾರದ ಇನ್ನೊಂದು ಕೈಗೆ ಒಪ್ಪಿಸುವ ಕೆಲಸಕ್ಕಾಗಿ ಬೆಳೆಗಾರನು ಒಂದು ದಿನದ ತೋಟದ ಕೆಲಸ ಬಿಟ್ಟು ಬಸ್ಸು ಹತ್ತಬೇಕು. ಪ್ರತಿಯೊಂದು ಇಲಾಖೆಯವರೂ ತಾವು ಕೇಳುವುದು ನಾಲ್ಕೇ ಕಾಗದವೆನ್ನುತ್ತಾರೆ. ಅದು ನಿಜವೂ ಹೌದು. ಆದರೆ ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ.

ದೊಡ್ಡ ಎಸ್ಟೇಟಿನಲ್ಲಿ ಈ ಹೊರೆ ಹೊರಲು ರೈಟರಿದ್ದಾರೆ. ಸಣ್ಣ ಬೆಳೆಗಾರನ ಮನೆಯಲ್ಲಿ ರೈಟರು, ಮೇಸ್ತ್ರಿ, ಆಳು ಎಲ್ಲ ಅವನೇ. ಸಹಾಯಧನದ ಮೊತ್ತ ಚಿಕ್ಕದಾದಷ್ಟೂ ಅದರಲ್ಲಿ ಓಡಾಟದ ಖರ್ಚಿನ ಪಾಲು ದೊಡ್ಡದಾಗುತ್ತದೆ. ಅನೇಕರು ಲೆಕ್ಕ ಹಾಕಿ ನೋಡಿ ಅರ್ಜಿಯನ್ನೇ ಹಾಕುವುದಿಲ್ಲ. ಹೀಗೆ ಸಣ್ಣವರಿಗೆಂದು ಮಾಡಿದ ಯೋಜನೆಯು ಓಡಾಡಬಲ್ಲವರ ಪಾಲಾಗುತ್ತದೆ. ಬಾಗಿಲುಗಳನ್ನು ಒಂದುಗೂಡಿಸಬೇಕೆಂದು ನಾವು ಕೇಳುವುದಕ್ಕೆ ಇದೇ ಮುಖ್ಯ ಕಾರಣ.

ಪೀಣ್ಯದವರಿಗೆ ಸಿಕ್ಕಿದ್ದು, ನಮಗೆ ಸಿಗದಿದ್ದು

ಒಂದುಗೂಡಿಸುವುದು ಅಸಾಧ್ಯವೆಂದು ಹೇಳುವವರು ಬೆಂಗಳೂರಿನ ಹೊರವಲಯವನ್ನು ಒಮ್ಮೆ ನೋಡಿ ಬರಲಿ. ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆ ತೆರೆಯುವವರಿಗೂ ಹಿಂದೆ ನಮ್ಮಷ್ಟೇ ಬಾಗಿಲುಗಳಿದ್ದವು: ಜಮೀನು, ವಿದ್ಯುತ್, ನೀರು, ಮಾಲಿನ್ಯ ನಿಯಂತ್ರಣ, ಕಾರ್ಖಾನೆಗಳ ಇಲಾಖೆ, ಅಗ್ನಿಶಾಮಕ. ಉದ್ಯಮಿಗಳು ಒಟ್ಟಾಗಿ ಕೂಗಿದರು. ಕರ್ನಾಟಕ ಕೈಗಾರಿಕೆಗಳ ಸೌಲಭ್ಯ ಕಾಯಿದೆ, 2002 ಬಂತು. ಏಕಗವಾಕ್ಷಿ ಪದ್ಧತಿಗೂ ಒಟ್ಟು ಅರ್ಜಿ ನಮೂನೆಗೂ ಕಾನೂನಿನ ಬಲ ಸಿಕ್ಕಿತು. 2020ರಲ್ಲಿ ಆ ಕಾಯಿದೆಗೆ ಇನ್ನೊಂದು ತಿದ್ದುಪಡಿಯಾಯಿತು. ಅದರಂತೆ ಉದ್ಯಮಿಯು ಅಫಿಡವಿಟ್ ಕೊಟ್ಟು ಕೆಲಸ ಆರಂಭಿಸಬಹುದು; ಹಲವು ಅನುಮತಿಗಳನ್ನು ಆಮೇಲೆ ಪಡೆಯಬಹುದು. 2025ರ ಫೆಬ್ರವರಿಯಲ್ಲಿ ನಡೆದ ಹೂಡಿಕೆದಾರರ ಸಮಾವೇಶದಲ್ಲಿ ಏಕಗವಾಕ್ಷಿಗೆ ಹೊಸ ಜಾಲತಾಣವೂ ಬಂತು.

ಇದರ ಬಗ್ಗೆ ನಮಗೆ ಅಸೂಯೆಯಿಲ್ಲ. ಕಾರ್ಖಾನೆಗಳು ಬೆಳೆಯಲಿ, ನಮ್ಮ ಮಕ್ಕಳಿಗೂ ಅಲ್ಲಿ ಕೆಲಸ ಸಿಗುತ್ತಿದೆ. ಪ್ರಶ್ನೆ ಇಷ್ಟೇ: ಉದ್ಯಮಿಯು ಅಫಿಡವಿಟ್ಟಿನಲ್ಲಿ ಬರೆದುಕೊಟ್ಟ ಮಾತನ್ನು ನಂಬುವ ಸರ್ಕಾರವು, ತನ್ನ ಗಣಕಯಂತ್ರದಲ್ಲಿ ತಾನೇ ಮುದ್ರಿಸಿದ ಪಹಣಿಯನ್ನು ಬೆಳೆಗಾರನ ಕೈಯಿಂದ ಏಕೆ ಮತ್ತೆ ಕೇಳಬೇಕು?

ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಗೆ ಬನ್ನಿ. ಕಿಯೋನಿಕ್ಸ್ ಸಂಸ್ಥೆ 1976ರಲ್ಲಿ ಹುಟ್ಟಿತು. ಅದರ ಮೊದಲ ಅಧ್ಯಕ್ಷರಾದ ಆರ್.ಕೆ. ಬಾಳಿಗರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಈ ನಗರ ಎದ್ದಿತು. ಇಂದು ಅಲ್ಲಿ ಕೇಂದ್ರ ಕಚೇರಿಯಿರುವ ಇನ್ಫೋಸಿಸ್ ಸಂಸ್ಥೆಗೆ 2015ರಲ್ಲಿ ಜಿ.ಎಸ್.ಟಿ. ಜಾಲವನ್ನು ಕಟ್ಟುವ ಗುತ್ತಿಗೆ ದೊರೆಯಿತು. 2017ರ ಜುಲೈ 1ರಂದು ಕೇಂದ್ರದ ಮತ್ತು ರಾಜ್ಯಗಳ ಹತ್ತಾರು ಪರೋಕ್ಷ ತೆರಿಗೆಗಳು ಒಂದೇ ತೆರಿಗೆಯಾಗಿ, ಒಂದೇ ಜಾಲತಾಣಕ್ಕೆ ಬಂದವು. ರಾಜ್ಯ ರಾಜ್ಯಗಳ ನಡುವೆ, ರಾಜ್ಯ ಕೇಂದ್ರಗಳ ನಡುವೆ ಇದ್ದ ಎಷ್ಟೋ ತಕರಾರುಗಳನ್ನು ಕುಳಿತು ಮಾತಾಡಿ ಬಗೆಹರಿಸಿಕೊಂಡರು. ವರಮಾನದ ವಿಷಯದಲ್ಲಿ ಸಾಧ್ಯವಾದ ಒಗ್ಗಟ್ಟು ಸಹಾಯಧನದ ವಿಷಯದಲ್ಲಿ ಅಸಾಧ್ಯವೆಂದರೆ ನಂಬುವುದು ಹೇಗೆ?

ಅದೇ ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ 2018ರಿಂದ ‘ಮೋಸಿಪ್’ ಎಂಬ ಗುರುತು ವ್ಯವಸ್ಥೆಯನ್ನು ರೂಪಿಸಿದ್ದಾರೆ. ಫಿಲಿಪ್ಪೀನ್ಸ್, ಮೊರಾಕ್ಕೊ ಮುಂತಾದ ದೇಶಗಳು ತಮ್ಮ ಪ್ರಜೆಗಳ ಗುರುತಿಗೆ ಅದನ್ನು ಬಳಸುತ್ತಿವೆ. ಹೊರದೇಶಗಳಿಗೆ ವ್ಯವಸ್ಥೆ ಕಟ್ಟಿಕೊಡುವ ಬುದ್ಧಿವಂತಿಕೆ ನಮ್ಮ ರಾಜ್ಯದಲ್ಲೇ ಇರುವಾಗ, ಕೊರತೆ ಇರುವುದು ತಂತ್ರಜ್ಞಾನದಲ್ಲಂತೂ ಅಲ್ಲ.

ಫ್ರೂಟ್ಸ್: ಅರ್ಧ ದಾರಿ

ರಾಜ್ಯದಲ್ಲಿ ಏನೂ ಆಗಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ತಂದಿತು. ಕೈಬರಹದ ಪಹಣಿಯ ಕಾಲ ಮುಗಿಯಿತು. ಆ ಅಡಿಪಾಯದ ಮೇಲೆ ಎನ್.ಐ.ಸಿ. ನೆರವಿನಿಂದ ‘ಫ್ರೂಟ್ಸ್’ ಬಂತು. ಬೆಳೆಗಾರನ ಆಧಾರ್, ಸರ್ವೆ ನಂಬರುಗಳು, ಬ್ಯಾಂಕ್ ಖಾತೆ ಇವನ್ನೆಲ್ಲ ಒಂದು ಎಫ್.ಐ.ಡಿ. ಸಂಖ್ಯೆಗೆ ಕಟ್ಟಿದ್ದಾರೆ. ಕೃಷಿ, ತೋಟಗಾರಿಕೆ, ರೇಷ್ಮೆ ಇಲಾಖೆಗಳು ಅದನ್ನು ಬಳಸುತ್ತವೆ. ಬೆಂಬಲ ಬೆಲೆಯ ಖರೀದಿಗೂ ಸಹಕಾರ ಸಂಘದ ಬೆಳೆ ಸಾಲಕ್ಕೂ ಅದೇ ಸಂಖ್ಯೆ. ಸಾಲದ ಋಣಭಾರವನ್ನು ಬ್ಯಾಂಕಿನವರು ಉಪನೋಂದಣಾಧಿಕಾರಿಗಳಿಗೆ ಫ್ರೂಟ್ಸ್ ಮುಖಾಂತರವೇ ಕಳುಹಿಸುವ ಏರ್ಪಾಡೂ ಆಗಿದೆ. 2023ರ ಬರಗಾಲದ ನಂತರ 2024ರ ಜನವರಿಯಲ್ಲಿ ರೈತರಿಗೆ ಮೊದಲ ಕಂತಾಗಿ ಗರಿಷ್ಠ 2,000 ರೂಪಾಯಿ ಪರಿಹಾರ ಕೊಟ್ಟಾಗ, ಯಾರೂ ಹೊಸದಾಗಿ ಅರ್ಜಿ ಹಿಡಿದು ನಿಲ್ಲಬೇಕಾಗಿರಲಿಲ್ಲ. ಫ್ರೂಟ್ಸ್‌ನಲ್ಲಿದ್ದ ಮಾಹಿತಿಯ ಆಧಾರದ ಮೇಲೆ ಹಣ ಖಾತೆಗೆ ಹೋಯಿತು. ಇದು ಮೆಚ್ಚತಕ್ಕ ಕೆಲಸ.

ಆದರೆ ಗುರುತು ಒಂದಾಯಿತೇ ಹೊರತು ಅರ್ಜಿ ಒಂದಾಗಲಿಲ್ಲ. ಇಲಾಖೆಗೊಂದು ನಮೂನೆ, ಇಲಾಖೆಗೊಂದು ಗಡುವು, ಇಲಾಖೆಗೊಂದು ಸ್ಥಳ ತನಿಖೆ ಹಾಗೆಯೇ ಉಳಿದಿವೆ. ಕಾಫಿ ಮಂಡಳಿಗೂ ಸಾಂಬಾರ ಮಂಡಳಿಗೂ ಬೇರೆ ಬೇರೆ ಅರ್ಜಿ ಕೊಡುವುದು ತಪ್ಪಿಲ್ಲ. ಇದರ ಮೇಲೆ ಕೇಂದ್ರ ಸಂಪುಟವು 2024ರ ಸೆಪ್ಟೆಂಬರ್ 2ರಂದು 2,817 ಕೋಟಿ ರೂಪಾಯಿಯ ಡಿಜಿಟಲ್ ಕೃಷಿ ಮಿಷನ್ನಿಗೆ ಒಪ್ಪಿಗೆ ಕೊಟ್ಟಿದೆ. ದೇಶದ ರೈತರಿಗೆಲ್ಲ ಒಂದೊಂದು ಗುರುತಿನ ಸಂಖ್ಯೆ ಕೊಡುವುದು ಅದರ ಒಂದು ಭಾಗ. ರಾಜ್ಯದ ಸಂಖ್ಯೆ ಒಂದು, ಕೇಂದ್ರದ ಸಂಖ್ಯೆ ಇನ್ನೊಂದು ಎಂದಾಗಿ, ಎರಡನ್ನೂ ಹೊಂದಿಸುವ ಓಡಾಟ ಮತ್ತೆ ನಮ್ಮ ಪಾಲಿಗೆ ಬಾರದಂತೆ ನೋಡಿಕೊಳ್ಳಬೇಕು.

ಒಂದೇ ಬಾಗಿಲಿನ ಅಪಾಯ

ಇಲ್ಲಿಯವರೆಗೆ ಹೇಳಿದ್ದು ಒಂದು ಮಗ್ಗುಲು. ಇನ್ನೊಂದು ಮಗ್ಗುಲನ್ನೂ ನೋಡದೆ ಜೈಕಾರ ಹಾಕುವುದು ಜಾಣತನವಲ್ಲ. ಬಾಗಿಲು ಒಂದೇ ಆದಾಗ, ಅದು ಮುಚ್ಚಿದರೆ ಎಲ್ಲವೂ ಮುಚ್ಚಿದಂತೆಯೇ.

ನಮ್ಮ ಸಂಘದ ಒಬ್ಬ ಮಹಿಳಾ ಸದಸ್ಯರ ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಪಹಣಿ ಇನ್ನೂ ಅವರ ಹೆಸರಿನಲ್ಲೇ ಇದೆ. ಮೈದುನರ ಒಪ್ಪಿಗೆ ಸಿಗದೆ ಪೌತಿ ಖಾತೆ ಆಗಿಲ್ಲ. ತೋಟ ನೋಡಿಕೊಳ್ಳುವವರು ಈಕೆಯೇ, ಆಳುಗಳಿಗೆ ಸಂಬಳ ಕೊಡುವವರೂ ಈಕೆಯೇ. ಒಂದು ಕಚೇರಿಯಲ್ಲಿ ವಂಶವೃಕ್ಷ ಮತ್ತು ಮರಣ ಪ್ರಮಾಣಪತ್ರ ನೋಡಿ ಅವರ ಅರ್ಜಿಯನ್ನು ಸ್ವೀಕರಿಸಿದರು. ಇನ್ನೊಂದು ಕಚೇರಿಯಲ್ಲಿ ಅದೇ ಕಾಗದಗಳನ್ನು ನೋಡಿ ತಿರಸ್ಕರಿಸಿದರು. ಈಗಿರುವ ಹತ್ತು ಬಾಗಿಲುಗಳ ಪದ್ಧತಿಯಲ್ಲಿ ಅವರಿಗೆ ಒಂದಾದರೂ ತೆರೆಯಿತು. ನಾಳೆ ಎಲ್ಲವೂ ಒಂದೇ ಸಂಖ್ಯೆಗೆ ತೂಗಿಕೊಂಡಾಗ, ಆ ಸಂಖ್ಯೆಯನ್ನೇ ಪಡೆಯಲಾಗದ ಇಂಥವರಿಗೆ ವಿಮೆಯೂ ಇಲ್ಲ, ಪರಿಹಾರವೂ ಇಲ್ಲ, ಸಾಲವೂ ಇಲ್ಲ. ಮೊದಲು ತೊಂದರೆ ಬಿಡಿಬಿಡಿಯಾಗಿತ್ತು. ಆಗ ಇಡಿಯಾಗಿ ಬರುತ್ತದೆ.

ಮಲೆನಾಡಿನಲ್ಲಿ ಇಂಥ ಮನೆಗಳು ಬಹಳ. ಜಂಟಿ ಖಾತೆಗಳು, ಕೊಡಗಿನ ಜಮ್ಮಾ ಹಿಡುವಳಿಗಳು, ತೀರಿಹೋದ ಅಜ್ಜನ ಹೆಸರಿನಲ್ಲಿ ಉಳಿದ ಪಹಣಿಗಳು ಎಷ್ಟೋ ಇವೆ. ಪಹಣಿಯಲ್ಲಿ ಇನಿಶಿಯಲ್ ಹೆಸರಿನ ಮುಂದೆ, ಆಧಾರಿನಲ್ಲಿ ಹಿಂದೆ. ಮನುಷ್ಯ ನೋಡಿದರೆ ಇಬ್ಬರೂ ಒಬ್ಬರೇ ಎಂದು ತಿಳಿಯುತ್ತದೆ, ಯಂತ್ರಕ್ಕೆ ತಿಳಿಯುವುದಿಲ್ಲ. ಇನ್ನು ಓ.ಟಿ.ಪಿ. ಪ್ರಸಂಗ ಎಲ್ಲರಿಗೂ ಗೊತ್ತಿದ್ದದ್ದೇ. ತಂದೆ ಹೋಬಳಿ ಕೇಂದ್ರದ ಸೈಬರ್ ಅಂಗಡಿಯಲ್ಲಿ ಕುಳಿತಿದ್ದಾರೆ, ನೋಂದಾಯಿಸಿದ ಮೊಬೈಲು ವೈಟ್‌ಫೀಲ್ಡಿನಲ್ಲಿರುವ ಮಗನ ಕೈಯಲ್ಲಿದೆ, ಮಗ ಮೀಟಿಂಗಿನಲ್ಲಿದ್ದಾನೆ. ಅವನು ಹೊರಗೆ ಬಂದು ಸಂಖ್ಯೆ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ, ಇಲ್ಲವೇ ಇಲ್ಲಿ ಕರೆಂಟು ಹೋಗಿರುತ್ತದೆ. ಮೊದಲು ಬಂದವರಿಗೆ ಮೊದಲು ಎಂಬ ನಿಯಮವಿರುವ ಯೋಜನೆಗಳಲ್ಲಿ ಇದರ ನಷ್ಟ ಯಾರಿಗೆಂದು ಬೇರೆ ಹೇಳಬೇಕಾಗಿಲ್ಲ.

ಈ ಅಪಾಯ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಅನುದಾನಗಳ ಅರ್ಜಿಯನ್ನು ಸರಳಗೊಳಿಸಲು 1999ರಲ್ಲಿ ಕಾನೂನು ಬಂತು. 2003ರಲ್ಲಿ ಗ್ರಾಂಟ್ಸ್ ಡಾಟ್ ಗೌ ಎಂಬ ಒಂದೇ ಜಾಲತಾಣ ತೆರೆಯಿತು. ಇಪ್ಪತ್ತಾರು ಇಲಾಖೆಗಳ ಅನುದಾನಗಳನ್ನು ಅಲ್ಲಿಯೇ ಹುಡುಕಿ ಅಲ್ಲಿಯೇ ಅರ್ಜಿ ಹಾಕುವ ಏರ್ಪಾಡು. ಆದರೆ ಅರ್ಜಿ ಒಳಗೆ ಹೋದ ಮೇಲೆ ಮಂಜೂರಾತಿ, ಹಣ ಬಿಡುಗಡೆ, ಲೆಕ್ಕ ಒಪ್ಪಿಸುವುದು ಇವೆಲ್ಲ ಬಹುಮಟ್ಟಿಗೆ ಆಯಾ ಇಲಾಖೆಗಳ ಬೇರೆ ಬೇರೆ ವ್ಯವಸ್ಥೆಗಳಲ್ಲೇ ಉಳಿದವು. ಬೋರ್ಡು ಒಂದಾಯಿತು, ಕಡತ ಒಂದಾಗಲಿಲ್ಲ. 2009ರಲ್ಲಿ ಆರ್ಥಿಕ ಪುನಶ್ಚೇತನದ ಹಣಕ್ಕಾಗಿ ಅರ್ಜಿಗಳು ನುಗ್ಗಿ ಬಂದಾಗ ಆ ಒಂದೇ ಬಾಗಿಲು ಇಕ್ಕಟ್ಟಾಯಿತು; ಬೇರೆ ದಾರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಏರ್ಪಾಡು ಮಾಡಿಕೊಳ್ಳುವಂತೆ ಇಲಾಖೆಗಳಿಗೆ ಸೂಚಿಸಬೇಕಾಯಿತು. ನಮ್ಮಲ್ಲೇ 2021ರ ಜೂನ್ 7ರಂದು ಆರಂಭವಾದ ಹೊಸ ಆದಾಯ ತೆರಿಗೆ ಜಾಲತಾಣ ತಿಂಗಳುಗಟ್ಟಲೆ ತೊಂದರೆ ಕೊಟ್ಟಿತು. ಆಗ ಸರ್ಕಾರವು ತೆರಿಗೆದಾರರಿಗೆ ವರ್ಷದ ಕೊನೆಯವರೆಗೆ ಗಡುವು ವಿಸ್ತರಿಸಿತು. ಸಹಾಯಧನದ ಜಾಲತಾಣ ನಿಂತುಹೋದರೆ ಬೆಳೆಗಾರನಿಗೂ ಆ ಮರ್ಯಾದೆ ಸಲ್ಲಬೇಕಲ್ಲವೇ?

ನಮ್ಮ ಬೇಡಿಕೆಗಳು

ಆದ್ದರಿಂದ ಏಕೀಕರಣ ಬೇಡವೆಂದು ನಾವು ಹೇಳಬಾರದು. ಏಕೀಕರಣ ಬೇಕು, ಆದರೆ ಈ ಕೆಳಗಿನ ಷರತ್ತುಗಳೊಡನೆ ಬೇಕು ಎನ್ನಬೇಕು.

ಒಂದು: ಬೋರ್ಡು ಒಂದಾದರೆ ಸಾಲದು, ಕಡತವೂ ಒಂದಾಗಬೇಕು. ಬೆಳೆಗಾರನು ವರ್ಷಕ್ಕೊಮ್ಮೆ ಒಂದೇ ಅರ್ಜಿಯಲ್ಲಿ ತನ್ನ ತೋಟಕ್ಕೆ ಬೇಕಾದ್ದನ್ನೆಲ್ಲ ಕೇಳುವಂತಿರಬೇಕು. ಅದು ಕಾಫಿ ಮಂಡಳಿಗೋ ತೋಟಗಾರಿಕೆ ಇಲಾಖೆಗೋ ಎಂದು ವಿಂಗಡಿಸುವುದು ಒಳಗಿನವರ ಕೆಲಸ. ಸರ್ಕಾರದ ಬಳಿ ಇರುವ ಕಾಗದವನ್ನು ಸರ್ಕಾರವೇ ತೆಗೆದುಕೊಳ್ಳಬೇಕು. ಸ್ಥಳ ತನಿಖೆಯೂ ಒಮ್ಮೆಯೇ ಆಗಲಿ.

ಎರಡು: ರಾಜ್ಯದ ಎಫ್.ಐ.ಡಿ., ಕೇಂದ್ರದ ರೈತ ಸಂಖ್ಯೆ, ಮಂಡಳಿಗಳ ನೋಂದಣಿ ಇವು ಪರಸ್ಪರ ಹೊಂದಿಕೊಳ್ಳಬೇಕು. ಹೊಂದಿಸುವ ಹೊಣೆ ಇಲಾಖೆಗಳದ್ದು.

ಮೂರು: ತಿದ್ದುಪಡಿಯ ಅಧಿಕಾರ ಹೋಬಳಿ ಮಟ್ಟದಲ್ಲಿರಬೇಕು. ಹೆಸರಿನಲ್ಲಿ ಒಂದು ಅಕ್ಷರ ಸರಿಪಡಿಸಲು ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಬರೆಯುವಂತಾಗಬಾರದು. ತಿದ್ದುಪಡಿ ಆಗುವವರೆಗೆ ಅರ್ಜಿದಾರನ ಸರದಿ ಉಳಿಯಬೇಕು. ಪೌತಿ ಖಾತೆ ಆಗದ ಮನೆಗಳಲ್ಲಿ ತೋಟ ಮಾಡುತ್ತಿರುವ ವಾರಸುದಾರರಿಗೆ, ವಿಶೇಷವಾಗಿ ವಿಧವೆಯರಿಗೆ, ತಾತ್ಕಾಲಿಕ ಸಂಖ್ಯೆ ಕೊಡುವ ನಿಯಮ ಬೇಕು. ತನ್ನ ಬಗೆಗಿನ ತಪ್ಪು ಮಾಹಿತಿಯನ್ನು ತಿದ್ದಿಸಿಕೊಳ್ಳುವ ಹಕ್ಕನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಒಪ್ಪಿದೆ.

ನಾಲ್ಕು: ಪ್ರತಿ ಅರ್ಜಿಗೂ ರಸೀದಿ, ಪ್ರತಿ ರಸೀದಿಗೂ ಕಾಲಮಿತಿ, ಪ್ರತಿ ತಿರಸ್ಕಾರಕ್ಕೂ ಕನ್ನಡದಲ್ಲಿ ಬರೆದ ಕಾರಣ. 2011ರ ಸಕಾಲ ಕಾಯಿದೆಯಲ್ಲಿ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೊಡುವ ತತ್ತ್ವವಿದೆ. ಹಣ ಚಿಕ್ಕದು, ತತ್ತ್ವ ದೊಡ್ಡದು. ಸಹಾಯಧನದ ಅರ್ಜಿಗಳನ್ನೆಲ್ಲ ಆ ಚೌಕಟ್ಟಿಗೆ ತರಬೇಕು.

ಐದು: ಇನ್ನೊಂದು ಬಾಗಿಲು ತೆರೆದಿರಬೇಕು. ಅಂತರ್ಜಾಲ ಕೈಕೊಟ್ಟಾಗ ಕಾಗದದ ಅರ್ಜಿ ಸ್ವೀಕರಿಸಬೇಕು. ಜಾಲತಾಣ ನಿಂತ ದಿನಗಳಷ್ಟು ಗಡುವು ತಾನಾಗಿ ಮುಂದಕ್ಕೆ ಹೋಗಬೇಕು. ಸಹಕಾರ ಸಂಘಗಳಿಗೆ ಸದಸ್ಯರ ಪರವಾಗಿ ಅರ್ಜಿ ಸಲ್ಲಿಸುವ ಅಧಿಕಾರವನ್ನು ಕೊಡಬೇಕು. ಸದಸ್ಯರ ತೋಟ, ಮನೆತನ, ಬೆಳೆ ಇವು ಸಂಘಕ್ಕೆ ತಿಳಿದಷ್ಟು ಯಾವ ಯಂತ್ರಕ್ಕೂ ತಿಳಿಯದು.

ಕೆಲವು ಅಧಿಕಾರಿಗಳು ಇದಕ್ಕೆ ಒಂದು ಆಕ್ಷೇಪ ಹೇಳುವುದುಂಟು: ಎಲ್ಲವನ್ನೂ ಸಡಿಲ ಮಾಡಿದರೆ ಒಂದೇ ಕೆಲಸಕ್ಕೆ ಎರಡು ಕಡೆ ಸಹಾಯಧನ ಪಡೆಯುವವರು ಹೆಚ್ಚುತ್ತಾರೆ ಎಂದು. ವಾಸ್ತವವಾಗಿ ಅಂಥವರಿಗೆ ಅನುಕೂಲವಿರುವುದು ಈಗಿನ ಬಿಡಿ ಪದ್ಧತಿಯಲ್ಲಿ, ಒಬ್ಬರ ಕಡತ ಇನ್ನೊಬ್ಬರಿಗೆ ಕಾಣದಿರುವಾಗ. ಕಡತ ಒಂದಾದರೆ ಎರಡನೆಯ ಅರ್ಜಿ ಮೊದಲ ನೋಟಕ್ಕೇ ಸಿಕ್ಕಿಬೀಳುತ್ತದೆ. ಪ್ರಾಮಾಣಿಕ ಬೆಳೆಗಾರನಿಗೆ ಇದರಿಂದ ಭಯವಿಲ್ಲ.

ಸದಸ್ಯರಲ್ಲಿ ವಿನಂತಿ

ಸರ್ಕಾರ ಮಾಡುವುದನ್ನು ಸರ್ಕಾರ ಮಾಡಲಿ. ನಾವು ಮಾಡಿಕೊಳ್ಳಬೇಕಾದ ಕೆಲಸವೂ ಇದೆ. ಸದಸ್ಯ ಬಾಂಧವರು ತಮ್ಮ ಎಫ್.ಐ.ಡಿ.ಯಲ್ಲಿ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು. ಬಿಟ್ಟುಹೋದ ನಂಬರಿನ ತೋಟಕ್ಕೆ ಪರಿಹಾರ ಬರುವುದಿಲ್ಲ. ಪಹಣಿಯಲ್ಲೂ ಆಧಾರಿನಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಬೇಕು. ಇನ್ನೊಂದು ಸಂಗತಿ ಬಹಳ ಜನಕ್ಕೆ ತಿಳಿದಿಲ್ಲ: ಆಧಾರ್ ಮೂಲಕ ಬರುವ ಹಣವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ, ಆಧಾರಿಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕ್ ಖಾತೆಗೆ ಹೋಗುತ್ತದೆ. ಹಣ ಬರಲಿಲ್ಲವೆಂದು ಕಚೇರಿಗೆ ಅಲೆಯುವ ಮೊದಲು ಆ ಖಾತೆಯನ್ನು ವಿಚಾರಿಸುವುದು ಲೇಸು. ಪೌತಿ ಖಾತೆ ಬಾಕಿಯಿರುವವರು ದಾಯಾದಿಗಳೊಡನೆ ಕುಳಿತು ಮಾತಾಡಿ, ಈ ಮಳೆಗಾಲ ಮುಗಿಯುವುದರೊಳಗೆ ಅರ್ಜಿ ಕೊಡಿ. ಇದಕ್ಕೆ ಬೇಕಾದ ನೆರವು ಸಂಘದ ಕಚೇರಿಯಲ್ಲಿ ಸಂತೆಯ ದಿನ ದೊರೆಯುತ್ತದೆ.

ಮೇಲಿನ ಐದು ಬೇಡಿಕೆಗಳನ್ನು ನಿರ್ಣಯ ರೂಪದಲ್ಲಿ ಮುಂದಿನ ವಾರ್ಷಿಕ ಮಹಾಸಭೆಯ ಮುಂದಿಡಲು ನಾನು ಆಡಳಿತ ಮಂಡಳಿಯನ್ನು ಕೋರಿದ್ದೇನೆ. ಸದಸ್ಯರು ತಮ್ಮ ತಮ್ಮ ಅನುಭವಗಳನ್ನು, ಯಾವ ಅರ್ಜಿಗೆ ಎಷ್ಟು ಸಲ ಹೋಗಬೇಕಾಯಿತು, ಎಷ್ಟು ಖರ್ಚಾಯಿತು, ಏನು ಕಾರಣ ಹೇಳಿದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಭೆಗೆ ತರಬೇಕು. ಪೀಣ್ಯದ ಉದ್ಯಮಿಗಳು ಒಟ್ಟಾಗಿ ಕೇಳಿದ್ದರಿಂದ ಅವರಿಗೆ ಕಾನೂನು ಸಿಕ್ಕಿತು. ನಾವು ಒಬ್ಬೊಬ್ಬರಾಗಿ ಕೇಳಿದಷ್ಟು ಕಾಲವೂ ನಮಗೆ ಸಿಗುವುದು ‘ನಾಳೆ ಬನ್ನಿ’ ಎಂಬ ಉತ್ತರವೇ.

– ಕಾರ್ಯದರ್ಶಿ